ಮನೆವಾರ್ತೆ: ಗೋಡೆಯ ಕಪಾಟೂ ಕೃಷ್ಣೆಯ ಗೆರೆಯೂ

ಅಡಿಗೆಮನೆಯ ಗೋಡೆಗೆ ಬಿಗಿದ ಕಪಾಟಿನ ಬಾಗಿಲು ಸೊಟ್ಟಗಾದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಬಾಗಿಲನ್ನು ತುಸು ಎತ್ತಿ ಮುಚ್ಚುವ ರೂಢಿಯನ್ನು ಕೈಗೆ ಕಲಿಸಿ ವರ್ಷಗಟ್ಟಲೆ ಸುಮ್ಮನಿರುತ್ತೇವೆ. ಇಲ್ಲವೇ ಒಂದು ರವಿವಾರ ಯಜಮಾನರು ಸ್ಕ್ರೂಡ್ರೈವರ್ ಹಿಡಿದು ಕಣ್ಣಿಗೆ ಕಂಡ ತಿರುಪುಗಳನ್ನೆಲ್ಲ ಬಿಗಿದು, ಸೊಟ್ಟಗಿದ್ದುದನ್ನು ಮತ್ತಷ್ಟು ಸೊಟ್ಟಗೆ ಮಾಡಿ ಎದ್ದುಹೋಗುತ್ತಾರೆ. ಬೆಳಗಾವಿಯಲ್ಲಾಗಲಿ ಪುಣೆಯಲ್ಲಾಗಲಿ ಇದು ನಕ್ಕು ಬಿಡತಕ್ಕ ಮಾತು. ಆದರೆ ಶಿರೋಳ ತಾಲೂಕಿನ ಉದಗಾಂವದಂಥ ನದೀತೀರದ ಊರಿನಲ್ಲಿ ಬಾಗಿಲ ಸೊಟ್ಟು ಅನೇಕ ಸಲ ಬಾಗಿಲದ್ದಾಗಿರುವುದಿಲ್ಲ. ಕಪಾಟು ಹೇಳುತ್ತಿರುವುದು ಗೋಡೆಯ ಸುದ್ದಿಯನ್ನು, ಗೋಡೆ ಹೇಳುತ್ತಿರುವುದು ನೆಲದ ಸುದ್ದಿಯನ್ನು. ಅದನ್ನು ಓದಿಕೊಳ್ಳದೆ ತಿರುಪಿಗೆ ಕೈಹಚ್ಚಿದರೆ, ಒಂದಿಲ್ಲೊಂದು ದಿನ ಒಲೆಯ ಮುಂದೆ ನಿಂತವರ ತಲೆಯ ಮೇಲೆ ಅರ್ಧ ಕ್ವಿಂಟಲಿಗೂ ಮಿಕ್ಕ ಭಾರ ಬಂದೀತು. ಆದುದರಿಂದ ಈ ತಿಂಗಳು ಕಪಾಟನ್ನು ಸರಿಪಡಿಸುವುದನ್ನೂ ಇಳಿಸಿ ಮತ್ತೆ ತೂಗಹಾಕುವುದನ್ನೂ ಕುರಿತು ತುಸು ವಿವರವಾಗಿಯೇ ಬರೆಯಬೇಕೆಂದಿದ್ದೇವೆ.

ನಮ್ಮ ಹಿರಿಯರ ಅಡಿಗೆಮನೆಯಲ್ಲಿ ಕಪಾಟು ಇರಲಿಲ್ಲ. ಗೋಡೆಯ ದಪ್ಪದಲ್ಲಿಯೇ ಬಿಟ್ಟ ಮಾಡ, ಗೋಡೆಗೆ ಬಡಿದ ಗೂಟ, ಮೂಲೆಯಲ್ಲಿ ಒಂದರ ಮೇಲೊಂದು ಏರಿದ ಅಡಕಲ ಗಡಿಗೆಗಳು, ಜಂತಿಯಿಂದ ಇಳಿಬಿಟ್ಟ ನೆಲುವು, ಇಷ್ಟರಲ್ಲಿ ಸಂಸಾರ ಸಾಗುತ್ತಿತ್ತು. ನೆಲುವಿನ ಗುಣವನ್ನು ನಾವು ಇಂದು ಮರೆತಿದ್ದೇವೆ. ಅದರ ಭಾರವೆಲ್ಲ ನೇರವಾಗಿ ಜಂತಿಗೆ ಹೋಗುತ್ತಿತ್ತು, ಗೋಡೆಗೆ ಯಾವ ಎಳೆತವೂ ಇರಲಿಲ್ಲ. ಬೆಕ್ಕಿನ ಕಾಟವಾದರೆ ಹಗ್ಗವನ್ನು ಒಂದು ಗೇಣು ಮೇಲಕ್ಕೇರಿಸಬಹುದಾಗಿತ್ತು. ಬೇಡವಾದಾಗ ಇಳಿಸಿ ಮಡಚಿಡಬಹುದಾಗಿತ್ತು. ಆಮೇಲೆ ಗೋಡೆಗೆ ಫಳಿಗಳು ಬಂದವು, ತಾಟು ಬಟ್ಟಲುಗಳನ್ನು ನಿಲ್ಲಿಸುವ ಸ್ಟೀಲಿನ ಮಾಂಡಣಿ ಬಂತು. ಬಾಗಿಲುಳ್ಳ ಪೆಟ್ಟಿಗೆಗಳನ್ನು ಸಾಲಾಗಿ ಗೋಡೆಗೆ ಬಿಗಿಯುವ ಪದ್ಧತಿ ನಮ್ಮಲ್ಲಿ ಈಚಿನದು. ಪರದೇಶದಲ್ಲಿಯೂ ಅದು ಬಹು ಹಳೆಯದೇನಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ದುಡಿಯುವ ಜನರಿಗಾಗಿ ಮನೆಗಳನ್ನು ಕಟ್ಟುವಾಗ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ 1926ರಲ್ಲಿ ಒಂದು ಚಿಕ್ಕ ಅಡಿಗೆಮನೆಯನ್ನು ರೂಪಿಸಿದರು. ಹೆಣ್ಣುಮಗಳು ಎಷ್ಟು ಹೆಜ್ಜೆ ನಡೆಯುತ್ತಾಳೆ, ಎಷ್ಟು ಸಲ ಬಗ್ಗುತ್ತಾಳೆ ಎಂದು ಲೆಕ್ಕ ಹಾಕಿ, ಒಂದೊಂದು ಸಾಮಾನಿಗೂ ಕೈಗೆಟಕುವ ಜಾಗ ಗೊತ್ತುಮಾಡಿದ ಆ ಅಡಿಗೆಮನೆ ಸುಮಾರು 10,000 ಮನೆಗಳಲ್ಲಿ ನಿರ್ಮಾಣವಾಯಿತು. ಇಂದು ಜಯಸಿಂಗಪುರದ ಅಂಗಡಿಯವನು ‘ಮಾಡ್ಯುಲರ್ ಕಿಚನ್’ ಎಂದು ಮಾರುವುದು ಅದರದೇ ಮೊಮ್ಮಗು. ಫ್ರಾಂಕ್‌ಫರ್ಟಿನ ಲೆಕ್ಕದಲ್ಲಿ ಕೃಷ್ಣಾನದಿ ಮಾತ್ರ ಇರಲಿಲ್ಲ.

ಉದಗಾಂವದ ಹೊಳೆಯ ಸ್ಥಿತಿಯನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಸಾಂಗಲಿಯನ್ನು ದಾಟಿ, ಹರಿಪುರದ ಬಳಿ ವಾರಣೆಯನ್ನು ಕೂಡಿಸಿಕೊಂಡ ಮೇಲೆ ಕೃಷ್ಣೆ ಈ ಕಡೆಗೆ ಬರುತ್ತಾಳೆ. ಮುಂದೆ ನೃಸಿಂಹವಾಡಿಯಲ್ಲಿ ಪಂಚಗಂಗೆ ಕೂಡುತ್ತದೆ. ಮೂರೂ ಹೊಳೆಗಳು ಒಮ್ಮೆಗೇ ತುಂಬಿದರೆ ನೀರಿಗೆ ಮುಂದೆ ಹೋಗಲು ದಾರಿಯಿಲ್ಲದೆ ಹಿಂದಕ್ಕೆ ಒತ್ತುತ್ತದೆ. 2005ರಲ್ಲಿ, 2019ರಲ್ಲಿ, 2021ರಲ್ಲಿ ಶಿರೋಳ ತಾಲೂಕಿನ ತೀರದ ಊರುಗಳು ಇದನ್ನು ಉಂಡಿವೆ. ಸಾಂಗಲಿಯ ಐರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು ಅಲ್ಲಿ 57 ಅಡಿಯನ್ನು ದಾಟಿತು. ಯಾವ ಅಣೆಕಟ್ಟಿನ ಬಾಗಿಲು ಯಾವಾಗ ತೆರೆಯಬೇಕಿತ್ತೆಂಬ ಎರಡು ರಾಜ್ಯಗಳ ವಾದವನ್ನು ಮಂತ್ರಿಮಹೋದಯರಿಗೇ ಬಿಡೋಣ. ನಮ್ಮ ಪಾಲಿಗೆ ಉಳಿದದ್ದು ಗೋಡೆಯ ಮೇಲಿನ ಗೆರೆ.

ಆ ಗೆರೆಯಿಂದಲೇ ಆರಂಭಿಸೋಣ. ಪ್ರವಾಹದ ನೀರು ಮನೆಯೊಳಗೆ ನಿಂತು ಇಳಿದಾಗ ನಾಲ್ಕೂ ಗೋಡೆಗಳ ಮೇಲೆ ರಾಡಿಯ ಒಂದು ಗೆರೆ ಉಳಿಯುತ್ತದೆ. ಬಹಳ ಜನ ಅದನ್ನು ಕಂಡರೆ ಸಂಕಟವೆಂದು ಬೇಗ ಬಣ್ಣ ಬಳಿಸಿಬಿಡುತ್ತಾರೆ, ತಪ್ಪೆನ್ನಲಾರೆವು. ಆದರೂ ಉಗ್ರಾಣದಲ್ಲಿ, ಕಪಾಟಿನ ಬೆನ್ನಹಿಂದೆ, ಜಿನೆಯ ಕೆಳಗೆ ಎಲ್ಲಿಯಾದರೂ ಅದು ಉಳಿದಿರುತ್ತದೆ. ನಿಂತ ನೀರು ಎಂದೂ ಸೊಟ್ಟಗೆ ನಿಲ್ಲುವುದಿಲ್ಲವಷ್ಟೆ. ಗವಂಡಿಯವರು ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯಲ್ಲಿ ನೀರು ತುಂಬಿ ಮಟ್ಟ ನೋಡುವುದು ಇದೇ ನಿಯಮದ ಮೇಲೆ. ಹಾಗಾದರೆ 2019ರ ಗೆರೆಯೆಂಬುದು ಕೃಷ್ಣೆ ತಾನೇ ಎಳೆದುಕೊಟ್ಟ ಮಟ್ಟದ ಗೆರೆ. ಅಂದು ಅದು ಮನೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಕೂದಲೆಳೆಯಷ್ಟೂ ಏರುಪೇರಿಲ್ಲದೆ ಇತ್ತು. ಇಂದು ನೀರಿನ ನಳಿಗೆಯನ್ನು ಹಿಡಿದು ನೋಡಿದಾಗ ಒಂದು ಮೂಲೆಯಲ್ಲಿ ಆ ಗೆರೆ ಅರ್ಧ ಇಂಚು ಕೆಳಗಿದ್ದರೆ, ಕೆಳಗಿಳಿದದ್ದು ಗೆರೆಯಲ್ಲ, ಮನೆ. ಹಲವು ಗೆರೆಗಳಿದ್ದರೆ ಎಲ್ಲಕ್ಕೂ ಮೇಲಿನದನ್ನು ಹಿಡಿಯಬೇಕು. ಕೆಳಗಿನವು ನೀರು ಇಳಿಯುತ್ತ ತಂಗಿದ ಗುರುತುಗಳು, ಅವುಗಳಲ್ಲಿ ಒಂದಕ್ಕೊಂದು ಬೆರಸಿ ಮೋಸ ಹೋಗುವ ಸಂಭವವುಂಟು.

ನಳಿಗೆಯಿಂದ ನೋಡುವುದು ಮನೆಯವರೂ ಮಾಡಬಹುದಾದ ಕೆಲಸ. ಹತ್ತು ಹನ್ನೆರಡು ಅಡಿಯ ಸಣ್ಣ ನಳಿಗೆ ಸಾಕು. ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೀರು ತುಂಬಬೇಕು, ಎರಡೂ ತುದಿಗಳು ತೆರೆದಿರಬೇಕು. ಒಬ್ಬರು ಒಂದು ತುದಿಯ ನೀರನ್ನು ಗೆರೆಗೆ ಹೊಂದಿಸಿ ಹಿಡಿದರೆ ಇನ್ನೊಬ್ಬರ ತುದಿಯಲ್ಲಿ ನೀರು ಎಲ್ಲಿ ನಿಂತಿತೋ ಅದೇ ಸರಿಯಾದ ಮಟ್ಟ. ಮಕ್ಕಳಿಗೆ ಇದು ಆಟವೂ ಆಗುತ್ತದೆ, ಶಾಲೆಯ ಪಾಠವೂ ಆಗುತ್ತದೆ.

ಊರಿನ ನದಿಯ ಮಗ್ಗುಲಿನ ಓಣಿಯ ಒಂದು ಮನೆಯಲ್ಲಿ ನಾವು ಇದನ್ನು ಪ್ರತ್ಯಕ್ಷ ಕಂಡೆವು. ಸಾಲಾಗಿ ಮೂರು ಕಪಾಟುಗಳು. ಮೂರರ ಬಾಗಿಲುಗಳೂ ಒಂದೇ ಕಡೆಗೆ ವಾಲಿದ್ದವು. ಮನೆಯ ಅಜ್ಜಿ ಬಡಿಗರ ಹುಡುಗನನ್ನು ಕರೆಸಿದ್ದರು.

“ಎಲ್ಲಾ ಬಿಜಾಗರಿ ಬಿಗಿ ಮಾಡಿ ಕೊಡೋ ತಮ್ಮಾ, ದಿನಾ ಕಟಕಟ ಅಂತಾವ.”

ಅವನು ತಿರುಪಿಗೆ ಕೈಹಚ್ಚಲಿಲ್ಲ. ಅಳತೆಯ ಪಟ್ಟಿ ಹಿಡಿದು ಪೆಟ್ಟಿಗೆಗಳ ಮೂಲೆಯಿಂದ ಮೂಲೆಗೆ ಅಳೆದ, ಆಮೇಲೆ ನಳಿಗೆ ತರಿಸಿದ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ:

“ಅಜ್ಜಿಯವರ, ಕಪಾಟ ನೆಟ್ಟಗ ಅದಾವ್ರಿ. ಗೋಡಿನ ಕುಂತೈತ್ರಿ.”

ಅಜ್ಜಿ ಬೆದರಲಿಲ್ಲ. “ಬ್ಯಾಸಗಿ ದಿನದಾಗ ಹಿತ್ತಲ ಬಾಗಲಾ ನೆಲಕ್ಕ ತಾಗಾಕ ಹತ್ತಿದಾಗನ ನನಗ ಸಂಶೆ ಬಂದಿತ್ತು” ಎಂದರು. ಹಿತ್ತಲಿಗೆ ಹೋಗಿ ನೋಡಿದರೆ ಬಚ್ಚಲ ನೀರು ಅದೇ ಮೂಲೆಯ ಅಡಿಪಾಯದ ಬದಿಗೆ ಇಂಗುತ್ತಿತ್ತು.

ನಮ್ಮ ಈ ಸೀಮೆಯ ಕರಿಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಕಬ್ಬಿಗೆ ಅದು ಬಂಗಾರ, ಅಡಿಪಾಯಕ್ಕೆ ಶತ್ರು. ಮನೆಯ ಒಂದು ಮೂಲೆಗೆ ಮಾತ್ರ ಬಾರಾ ತಿಂಗಳು ಬಚ್ಚಲ ನೀರು ಸಿಕ್ಕುತ್ತ ಉಳಿದ ಮೂರು ಮೂಲೆಗಳು ಬೇಸಗೆಯಲ್ಲಿ ಒಣಗಿದರೆ ಮನೆ ಸಮನಾಗಿ ನಿಲ್ಲುವುದು ಹೇಗೆ? ಇಂಥಲ್ಲಿ ಕಪಾಟಿಗಿಂತ ಮೊದಲು ಆ ನೀರಿಗೆ ಸಿಮೆಂಟಿನ ಗಟಾರು ಮಾಡಿ ಗೋಡೆಯಿಂದ ದೂರ ಸಾಗಿಸತಕ್ಕದ್ದು. ಬಿರುಕು ಇದ್ದರೆ ಅದಕ್ಕೆ ಅಡ್ಡಲಾಗಿ ಸಿಮೆಂಟಿನ ಸಣ್ಣ ಬಿಲ್ಲೆಯೊಂದನ್ನು ಬಳಿದು ಮೇಲೆ ದಿನಾಂಕ ಬರೆದಿಡುವುದು ಹಳೆಯ ಗವಂಡಿಗಳ ಪದ್ಧತಿ. ಒಂದು ಮಳೆಗಾಲ, ಒಂದು ಬೇಸಗೆ ಕಳೆಯುವವರೆಗೆ ಬಿಲ್ಲೆ ಒಡೆಯದಿದ್ದರೆ ಗೋಡೆ ಕುಳಿತುಮುಗಿಯಿತೆಂದು ತಿಳಿಯಬಹುದು. ಒಡೆದರೆ ಕಟ್ಟಡ ಬಲ್ಲವರಿಗೆ ತೋರಿಸತಕ್ಕದ್ದು. ಅಲ್ಲಿಯವರೆಗೆ ಆ ಗೋಡೆಯ ಕಪಾಟಿನಿಂದ ಭಾರವನ್ನು ಇಳಿಸಿಡುವುದೇ ಜಾಣತನ.

ಎಲ್ಲರ ಮನೆಯ ಗೋಡೆಯೂ ಕುಳಿತಿರುವುದಿಲ್ಲ, ದೇವರ ದಯೆ. ಮಟ್ಟದ ಗೆರೆ ಸರಿಯಿದ್ದರೆ ಇನ್ನು ಪೆಟ್ಟಿಗೆಯನ್ನು ಪರೀಕ್ಷಿಸಬೇಕು. ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ, ಬಲ ಮೇಲ್ಮೂಲೆಯಿಂದ ಎಡ ಕೆಳಮೂಲೆಗೆ ಅಳೆದು ನೋಡಿ. ಎರಡು ಅಳತೆಗಳೂ ಒಂದೇ ಬಂದು ಪೆಟ್ಟಿಗೆ ಮಟ್ಟವಾಗಿಯೂ ಇದ್ದರೆ ದೋಷ ಬಿಜಾಗರಿಯದು. ಅಳತೆಗಳಲ್ಲಿ ಅಂತರವಿದ್ದರೆ ಪೆಟ್ಟಿಗೆಯೇ ಹೊರಳಿಕೊಂಡಿದೆ. ಗೋಡೆಗೆ ಬಿಗಿದ ತಿರುಪುಗಳಲ್ಲಿ ಒಂದು ಸಡಿಲಾಗಿ ಇನ್ನೊಂದು ಹಿಡಿದುಕೊಂಡಿರುವ ಲಕ್ಷಣವಿದು. ಅಳತೆ ಸರಿಯಿದ್ದೂ ಇಡೀ ಪೆಟ್ಟಿಗೆ ಒಂದು ಬದಿಗೆ ಜಾರಿದ್ದರೆ, ಅಥವಾ ಮೇಲಿನ ಅಂಚಿಗೂ ಗೋಡೆಗೂ ನಡುವೆ ಹಿಂದೆ ಇಲ್ಲದ ಸಂದು ಕಂಡರೆ, ಅಂದೇ ಕಪಾಟನ್ನು ಬರಿದು ಮಾಡಿ. ನಾಳೆಗೆಂದು ಇಡತಕ್ಕ ಕೆಲಸವಲ್ಲ ಅದು.

ಬಿಜಾಗರಿಯ ಕೆಲಸ ಸುಲಭ. ಅಂದಹಾಗೆ ಈ ಶಬ್ದ ಗಡಿಯ ಈಚೆಗೂ ಆಚೆಗೂ ಒಂದೇ. ಧಾರವಾಡದ ಬಡಿಗನೂ ಇಚಲಕರಂಜಿಯ ಸುತಾರನೂ ಅದನ್ನು ತನ್ನದೆನ್ನುತ್ತಾನೆ, ಜಗಳವಿಲ್ಲ. ಹೊಸ ಕಪಾಟುಗಳಲ್ಲಿ ಬಾಗಿಲ ಒಳಮೈಗೆ 35 ಮಿಲಿಮೀಟರ್ ಅಗಲದ ಬಟ್ಟಲು ಕೊರೆದು ಕೂಡಿಸುವ, ಹೊರಗೆ ಕಾಣದ ಬಿಜಾಗರಿಗಳಿರುತ್ತವೆ. ಅದರ ತೋಳಿನ ಮೇಲೆ ಎರಡು ತಿರುಪುಗಳು ಕಾಣುತ್ತವೆ. ಸಾಧಾರಣವಾಗಿ ಬಾಗಿಲಿಗೆ ಹತ್ತಿರದ ತಿರುಪು ಬಾಗಿಲನ್ನು ಎಡಕ್ಕೆ ಬಲಕ್ಕೆ ಸರಿಸುತ್ತದೆ. ಹಿಂದಿನದು ಒಳಗೆ ಹೊರಗೆ ಸರಿಸುತ್ತದೆ. ಪೆಟ್ಟಿಗೆಯ ಮಗ್ಗುಲಿಗೆ ಕೂತ ತಗಡಿನ ಉದ್ದ ರಂಧ್ರದ ತಿರುಪುಗಳನ್ನು ಸಡಿಲಿಸಿದರೆ ಬಾಗಿಲು ಮೇಲೆ ಕೆಳಗೆ ಸರಿಯುತ್ತದೆ. ಬಾಗಿಲ ಬಿಡುಗಡೆಯ ಅಂಚು ಜೋತುಬಿದ್ದಿದ್ದರೆ ಮೇಲಿನ ಬಿಜಾಗರಿಯಲ್ಲಿ ಬಾಗಿಲನ್ನು ಬಿಜಾಗರಿಯ ಕಡೆಗೆ ಎಳೆಯಬೇಕು, ಕೆಳಗಿನದರಲ್ಲಿ ಅಷ್ಟೇ ಹೊರಕ್ಕೆ ದೂಡಬೇಕು. ಒಮ್ಮೆಗೆ ಕಾಲು ಸುತ್ತು, ಮುಚ್ಚಿ ನೋಡುವುದು, ಮತ್ತೆ ಕಾಲು ಸುತ್ತು. ಅವಸರಿಸಬಾರದು. ತಿರುಪು ತಿರುಗುತ್ತಲೇ ಇದ್ದು ಬಿಗಿಯದಿದ್ದರೆ ರಂಧ್ರ ಸವೆದಿದೆ. ಬಿದಿರಿನ ಕಡ್ಡಿಯನ್ನು ಫೆವಿಕಾಲಿನಲ್ಲಿ ಅದ್ದಿ ರಂಧ್ರ ತುಂಬುವಂತೆ ಬಡಿದು, ಒಂದು ರಾತ್ರಿ ಒಣಗಬಿಟ್ಟು, ಅಂಚಿಗೆ ಸಮನಾಗಿ ಕತ್ತರಿಸಿ ಅದರಲ್ಲಿಯೇ ತಿರುಪನ್ನು ಮತ್ತೆ ಕೂಡಿಸಬಹುದು.

ಇನ್ನು ಗೋಡೆಯ ಹಿಡಿತದ ಮಾತು. ಇದರಲ್ಲಿ ಜನರಿಗಿರುವ ಕಲ್ಪನೆ ತಿದ್ದತಕ್ಕದ್ದಾಗಿದೆ. ಕಪಾಟು ಕೆಳಗೆ ಬೀಳಲು ಹವಣಿಸುತ್ತದೆಯೆಂದು ಎಲ್ಲರೂ ತಿಳಿಯುತ್ತಾರೆ. ಅದು ಅರ್ಧ ಮಾತು. ಕೆಳಗಿನ ಅಂಚನ್ನು ಗೋಡೆಗೆ ಊರಿ, ಮೇಲಿನ ಅಂಚಿನಿಂದ ಮುಂದಕ್ಕೆ ಬಾಗಿ ಬೀಳಲು ಅದು ಹವಣಿಸುತ್ತದೆ. 3 ಅಡಿ ಅಗಲ, 2 ಅಡಿ ಎತ್ತರ, 1 ಅಡಿ ಆಳದ ಕಪಾಟನ್ನು ತೆಗೆದುಕೊಳ್ಳಿ. 18 ಮಿಲಿಮೀಟರ್ ಪ್ಲೈವುಡ್ ಚದರ ಅಡಿಗೆ ಒಂದು ಕಿಲೋಕ್ಕೂ ತುಸು ಹೆಚ್ಚು ತೂಗುತ್ತದೆ. ಒಂದು ನಡುಹಲಗೆ, ಎರಡು ಬಾಗಿಲು, ತೆಳುವಾದ ಬೆನ್ನು ಸೇರಿ ಬರಿಯ ಕಪಾಟೇ 22 ಕಿಲೋದ ಸುಮಾರಿಗೆ ಬರುತ್ತದೆ. ಒಳಗೆ ಜೋಳದ ಹಿಟ್ಟು, ಅಕ್ಕಿ, ಬೇಳೆ, ಬೆಲ್ಲ, ಖಾರದ ಪುಡಿಯ ಡಬ್ಬಿಗಳೆಂದು 45 ಕಿಲೋ ಇಟ್ಟರೆ ಒಟ್ಟು 67 ಕಿಲೋ. ಈ ಭಾರದ ನಡುಬಿಂದು ಗೋಡೆಯಿಂದ ಅರ್ಧ ಅಡಿ ಮುಂದಿರುವುದರಿಂದ ಮೇಲಿನ ತಿರುಪುಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವ ಎಳೆತ ಸುಮಾರು 18 ಕಿಲೋ ಆಗುತ್ತದೆ. ಆಳವನ್ನು 15 ಇಂಚಿಗೆ ಹೆಚ್ಚಿಸಿ ಅಷ್ಟೇ ಸಾಮಾನಿಟ್ಟರೂ ಅದು 22 ಕಿಲೋ ದಾಟುತ್ತದೆ. ದೊಡ್ಡ ಭಾರವೇನಲ್ಲ ಎಂದೀರಿ. ಇಟ್ಟಿಗೆ ಹಿಡಿದಿದ್ದರೆ ನಿಜಕ್ಕೂ ದೊಡ್ಡದಲ್ಲ. ತಿರುಪು ಗಿಲಾವನ್ನಷ್ಟೇ ಹಿಡಿದಿದ್ದರೆ, ದಿನಕ್ಕೆ ಐವತ್ತು ಸಲ ಬಾಗಿಲು ತೆರೆದಾಗಲೂ ಆ ಎಳೆತ ಅದನ್ನು ಅಲುಗಾಡಿಸುತ್ತ ಹೋಗುತ್ತದೆ. ಪ್ರವಾಹದಲ್ಲಿ ನೆನೆದ ಗಿಲಾವಾದರಂತೂ ಅದು ಇಟ್ಟಿಗೆಯನ್ನು ಬಿಟ್ಟು ಪದರಾಗಿ ಏಳುತ್ತದೆ.

ಅಂಗಡಿಯವರು ಗಿಟ್ಟಿ ಎನ್ನುವ ಪ್ಲಾಸ್ಟಿಕ್ ಬೆಣೆಯ ಮರ್ಮ ಇಲ್ಲಿದೆ. ಹಿಂದೆ ಗೋಡೆಯಲ್ಲಿ ದೊಡ್ಡ ತೂತು ಕೊರೆದು ಕಟ್ಟಿಗೆಯ ಗಿಟ್ಟಿ ಬಡಿಯುತ್ತಿದ್ದರು. ಲಂಡನ್ನಿನ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರರು 20ನೆಯ ಶತಮಾನದ ಎರಡನೆಯ ದಶಕದಲ್ಲಿ ಸೆಣಬಿನ ನಾರನ್ನು ಅಂಟಿನಿಂದ ಬಿಗಿದ ಚಿಕ್ಕ ಕೊಳವೆಯನ್ನು ಕಂಡುಹಿಡಿದರು. ತಿರುಪು ಒಳಹೋದಂತೆ ಕೊಳವೆ ಹಿಗ್ಗಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ರಾವಲ್‌ಪ್ಲಗ್ ಎಂಬ ಹೆಸರು ಅವರಿಂದಲೇ ಬಂದದ್ದು. ಇಂದಿನ ಪ್ಲಾಸ್ಟಿಕ್ ಗಿಟ್ಟಿಯ ನಿಯಮವೂ ಅದೇ. ಒತ್ತಿ ಹಿಡಿಯಲು ಸುತ್ತಲೂ ಗಟ್ಟಿ ಇಟ್ಟಿಗೆ ಬೇಕು. ಆದುದರಿಂದ ಗಿಟ್ಟಿಯ ಪೂರ್ತಿ ಉದ್ದವು ಗಿಲಾವನ್ನು ದಾಟಿ ಇಟ್ಟಿಗೆಯೊಳಗೆ ಇರುವಂತೆ ತೂತು ಆಳವಾಗಿರಬೇಕು, ತಿರುಪೂ ಅದಕ್ಕೆ ತಕ್ಕಷ್ಟು ಉದ್ದವಿರಬೇಕು. 8 ಮಿಲಿಮೀಟರ್ ಗಿಟ್ಟಿಗೆ 8 ಮಿಲಿಮೀಟರಿನದೇ ಬಿಟ್ಟು. ಕೊರೆಯುವಾಗ ಬರುವ ಪುಡಿಯನ್ನು ನೋಡುತ್ತಿರಿ: ಮೊದಲು ಬೂದು ಬಣ್ಣ, ಆಮೇಲೆ ಕೆಂಪು ಬಂದರೆ ಇಟ್ಟಿಗೆ ಸಿಕ್ಕಿತು. ಕೊನೆಯವರೆಗೂ ಬೂದು ಅಥವಾ ಮಣ್ಣೇ ಬಂದರೆ ಸಂದಿನಲ್ಲಿ ಬಿದ್ದಿದ್ದೀರಿ. ಎರಡು ಇಂಚು ಪಕ್ಕಕ್ಕೆ ಸರಿಯಿರಿ. ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ ನೆಲದಿಂದ ಸಾಮಾನ್ಯವಾಗಿ 7 ಅಡಿಯಲ್ಲಿರುತ್ತದೆ. ಅದೇ ಗೋಡೆಯಲ್ಲಿ ಅದು ಮುಂದುವರಿದಿದ್ದರೆ ಕಪಾಟಿನ ಮೇಲಂಚನ್ನು ಅದಕ್ಕೆ ಬಿಗಿಯುವುದು ಎಲ್ಲಕ್ಕಿಂತ ಭದ್ರ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೆಯಬಾರದೆಂಬುದನ್ನೂ, ಕೆಲಸ ಹಿಡಿಯುವ ಮುನ್ನ ಗ್ಯಾಸಿನ ರೆಗ್ಯುಲೇಟರ್ ಬಂದು ಮಾಡಬೇಕೆಂಬುದನ್ನೂ ಬೇರೆ ಹೇಳಬೇಕಾಗಿಲ್ಲ.

ಮಣ್ಣಿನ ಕೆಸರಿನಲ್ಲಿ ಕಟ್ಟಿದ ಹಳೆಯ ಗೋಡೆಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಅಲ್ಲಿ ತೂಗಹಾಕಲೇಬಾರದು. ಹೊರಗೆ ಸಿಮೆಂಟು ಬಳಿದು ಚೆಂದ ಮಾಡಿದ್ದರೂ ಒಳಗಿನ ಮಣ್ಣು ಒಮ್ಮೆ ಮುಳುಗಿ ಎದ್ದದ್ದು. ಆ ಗೋಡೆಗೆ ಆತು ನಿಲ್ಲುವ, ಭಾರವೆಲ್ಲ ನೆಲಕ್ಕೆ ಹೋಗುವ ಕಾಲುಳ್ಳ ಕಪಾಟೇ ಸಾಕು. ನೋಡಲು ಹಳೇ ಕಾಲದ್ದೆನ್ನಿಸೀತು. ಮಕ್ಕಳ ತಲೆಗಿಂತ ಚೆಂದ ಹೆಚ್ಚಿನದಲ್ಲ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪವನ್ನು ನೆನಪಿಟ್ಟವರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ, ಅವರಿಗೆ ಈ ಮಾತು ಬೇಗ ತಿಳಿದೀತು.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಪೇಟೆಯ ಬಡಿಗ ಕಪಾಟಿನ ತೆಳುವಾದ ಬೆನ್ನಿನ ಮೂಲಕವೇ ನಾಲ್ಕು ಉದ್ದ ತಿರುಪುಗಳನ್ನು ಗೋಡೆಗೆ ಬಿಗಿದು, ಸಂದಿಗೆ ಸಿಲಿಕೋನ್ ತುಂಬಿ, “ಇನ್ನು ಐವತ್ತು ವರ್ಷ ಅಲ್ಲಾಡುವುದಿಲ್ಲ” ಎನ್ನುತ್ತಾನೆ. ಹೊಳೆಯ ಊರಿನಲ್ಲಿ ಅದು ಗುಣವಲ್ಲ. ಗೋಡೆಯ ಕಪಾಟು ಎತ್ತರದಲ್ಲಿದೆಯೆಂಬ ಭರವಸೆಯ ಮೇಲೆ ರೇಶನ್ ಕಾರ್ಡು, ಹೊಲದ ಕಾಗದಪತ್ರ, ಮಗಳ ಶಾಲೆಯ ಪ್ರಮಾಣಪತ್ರಗಳನ್ನು ಅದರಲ್ಲಿಟ್ಟು ಹೋದವರ ಗತಿ 2019ರಲ್ಲಿ ಏನಾಯಿತೆಂದು ಬಲ್ಲೆವು. ಐದಡಿಯ ಮೇಲಿನ ಕಪಾಟಿಗೂ ನೀರು ತಲುಪಿದ ಮನೆಗಳಲ್ಲಿ ಕಪಾಟು ಗೋಡೆಗೆ ಅಂಟಿಕೊಂಡೇ ಕೊಳೆಯಿತು; ಅದನ್ನು ಕೀಳುವಾಗ ಗಿಲಾವೂ ಕೂಡಿ ಬಂತು. ಐರ್ವಿನ್ ಸೇತುವೆಯ ಅಡಿಗಳ ಲೆಕ್ಕ ಇಂದು ಗಳಿಗೆಗಳಿಗೆಗೂ ಮೊಬೈಲಿಗೆ ಬರುತ್ತದೆ. ನೀರು ಬರುವುದಕ್ಕೆ ಒಂದು ದಿನದ, ಕಡೆಗೆ ಅರ್ಧ ದಿನದ ಅವಕಾಶ ಸಿಕ್ಕುತ್ತದೆ. ಅಷ್ಟರಲ್ಲಿ ಇಬ್ಬರು ಸೇರಿ ಕಾಲು ಗಂಟೆಯಲ್ಲಿ ಒಂದು ಕಪಾಟನ್ನು ಇಳಿಸಿ ಮಾಳಿಗೆಗೋ ಎತ್ತರದ ಓಣಿಯ ಬೀಗರ ಮನೆಗೋ ಸಾಗಿಸುವಂತಿರಬೇಕು. ನೆಲುವಿನ ಗುಣವನ್ನು ಕಪಾಟಿಗೆ ಕೊಡಬೇಕು.

ಅದಕ್ಕೆ ಬಡಿಗರು ಬಲ್ಲ ಒಂದು ಸರಳ ಉಪಾಯವುಂಟು. ಸಾಗವಾನಿಯ ಅಥವಾ ಒಳ್ಳೆಯ ಪ್ಲೈವುಡ್ಡಿನ ಪಟ್ಟಿಯೊಂದನ್ನು ಉದ್ದಕ್ಕೆ, ಅಂಚು 45 ಅಂಶದ ಓರೆಯಾಗುವಂತೆ ಎರಡು ಹೋಳು ಸೀಳಿಸುವುದು. ಒಂದು ಹೋಳನ್ನು ಓರೆಯ ಅಂಚು ಮೇಲಕ್ಕೆ ಬಂದು ಗೋಡೆಯ ಕಡೆಗೆ ಇಳಿಜಾರಾಗಿರುವಂತೆ ಗೋಡೆಗೆ ಬಿಗಿಯಬೇಕು. ಆಗ ಪಟ್ಟಿಗೂ ಗೋಡೆಗೂ ನಡುವೆ ಒಂದು ಹಳ್ಳ ಉಂಟಾಗುತ್ತದೆ. ಇನ್ನೊಂದನ್ನು ತಲೆಕೆಳಗಾಗಿಸಿ ಕಪಾಟಿನ ಬೆನ್ನಿಗೆ, ಮೇಲ್ಭಾಗದಲ್ಲಿ ಬಿಗಿಯಬೇಕು. ಕಪಾಟನ್ನು ಎತ್ತಿ ಆ ಹಳ್ಳಕ್ಕೆ ಇಳಿಬಿಟ್ಟರೆ ಭಾರ ಹೆಚ್ಚಿದಷ್ಟೂ ಅದು ಗೋಡೆಗೆ ಒತ್ತಿಕೊಳ್ಳುತ್ತದೆ, ಎತ್ತಿದರೆ ಹೊರಬರುತ್ತದೆ. ಕಪಾಟಿನ ಕಡೆಯ ಪಟ್ಟಿಯು ತೆಳುವಾದ ಬೆನ್ನನ್ನು ನಂಬಿ ನಿಂತಿರಬಾರದು. ಎರಡು ಮಗ್ಗುಲುಗಳಿಗೂ ಮೇಲಿನ ಹಲಗೆಗೂ ಅಂಟು ಹಾಕಿ ತಿರುಪು ಬಿಗಿದ ಗಟ್ಟಿ ಅಡ್ಡಪಟ್ಟಿ ಒಳಗಿರಬೇಕು. ಕೆಳಗಿನ ಅಂಚಿನ ಹಿಂದೆ ಅಷ್ಟೇ ದಪ್ಪದ ಇನ್ನೊಂದು ಪಟ್ಟಿ ಕೊಡದಿದ್ದರೆ ಕಪಾಟು ಗೋಡೆಯ ಕಡೆಗೆ ಓರೆಯಾಗಿ ಕೂಡುತ್ತದೆ. ಧಕ್ಕೆಗೆ ಮೇಲೇಳದಂತೆ ಕೆಳಗೆ ಒಂದೇ ಒಂದು ಸಣ್ಣ ತಿರುಪು ಸಾಕು. ಇದೇ ತತ್ವದ ಕಬ್ಬಿಣದ ಪಟ್ಟಿ ಮತ್ತು ಕೊಂಡಿಗಳು ಸಿದ್ಧವಾಗಿಯೂ ಸಿಗುತ್ತವೆ. ಅವುಗಳಲ್ಲಿ ಒಂದು ತಿರುಪು ಕಪಾಟನ್ನು ಮೇಲೆ ಕೆಳಗೆ ಮಾಡುತ್ತದೆ, ಇನ್ನೊಂದು ಗೋಡೆಗೆ ಎಳೆದುಕೊಳ್ಳುತ್ತದೆ. ಅನುಕೂಲವಿದ್ದವರು ಅದನ್ನು ಕೊಳ್ಳಲಿ. ಕಟ್ಟಿಗೆಯ ಪಟ್ಟಿಗೆ ಖರ್ಚು ಕಡಿಮೆ, ತುಕ್ಕೂ ಇಲ್ಲ.

ಎತ್ತರ ಎಷ್ಟಿರಬೇಕು? ಬಡಿಗರು ಬಂದಾಗ ಅಳತೆಗೆ ನಿಲ್ಲುವವರು ಮನೆಯ ಗಂಡಸರು, ಮುಂದೆ ದಿನಕ್ಕೆ ನೂರು ಸಲ ಕೈಯೆತ್ತುವವರು ಹೆಂಗಸರು. ಈ ಪದ್ಧತಿ ನಿಲ್ಲಬೇಕು. ಅಡಿಗೆ ಮಾಡುವವರನ್ನು ಕಟ್ಟೆಯ ಮುಂದೆ ನಿಲ್ಲಿಸಿ, ಹಿಮ್ಮಡಿ ಎತ್ತದೆ ಅವರ ಬೆರಳು ಎಲ್ಲಿ ಮುಟ್ಟುವುದೋ ಅಲ್ಲಿ ನಡುಹಲಗೆ ಬರುವಂತೆ ಗುರುತು ಮಾಡಬೇಕು. ಅತ್ತೆ ಸೊಸೆಯರ ಎತ್ತರದಲ್ಲಿ ಅಂತರವಿದ್ದರೆ ಗಿಡ್ಡಗಿದ್ದವರ ಮಾತೇ ನಡೆಯಲಿ. ಭಾರದ ಡಬ್ಬಿಗಳು ಕೆಳಗಿನ ಹಲಗೆಯಲ್ಲಿ, ಗೋಡೆಗೆ ಹತ್ತಿ. ಒಲೆಯ ನೇರ ಮೇಲೆ ಏನೂ ಬೇಡ.

ಇಳಿಸುವ ಕ್ರಮವೆಂದರೆ ಮೊದಲು ಸಾಮಾನು ತೆಗೆಯುವುದು, ಆಮೇಲೆ ಬಾಗಿಲುಗಳನ್ನು ಬಿಜಾಗರಿಯ ತೋಳಿನಿಂದ ಬಿಡಿಸುವುದು. ಬಾಗಿಲು ಹೋದರೆ ಆರೇಳು ಕಿಲೋ ಭಾರ ಕಡಿಮೆಯಾಗುತ್ತದೆ. ಕಟ್ಟೆಯ ಮೇಲೆ ಕಪಾಟಿನ ಅಡಿಯವರೆಗೆ ಬರುವಂಥ ಪೆಟ್ಟಿಗೆಯನ್ನೋ ಕಟ್ಟಿಗೆಯ ಊರೆಯನ್ನೋ ಕೊಟ್ಟ ಮೇಲೆಯೇ ಕೊನೆಯ ತಿರುಪನ್ನು ಬಿಚ್ಚತಕ್ಕದ್ದು. ಒಬ್ಬರೇ ಈ ಕೆಲಸಕ್ಕೆ ಕೈಹಾಕಬಾರದು, ಬಲವಿದ್ದವರೂ ಹಾಕಬಾರದು.

ನೀರು ಇಳಿದ ಮೇಲೆ ಮತ್ತೆ ತೂಗಹಾಕುವ ಅವಸರವೇ ಬಹಳ ಮನೆಗಳನ್ನು ಕೆಡಿಸಿದೆ. ಹೊರಮೈ ಬಿಳಿಯಾಗಿ ಒಣಗಿ ಕಂಡರೂ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಒಳಗೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಮೈಗೆ ಹನಿ ಕಂಡರೆ ಇನ್ನೂ ಕಾಯಬೇಕು. ಶ್ರಾವಣದಲ್ಲಿ ಮುಳುಗಿದ ಗೋಡೆಗೆ ದೀಪಾವಳಿಗೆ ಕಪಾಟು ಬೇಕೆನ್ನುವವರು ಸಂಕ್ರಾಂತಿಯವರೆಗೆ ತಾಳಿದರೆ ಒಳ್ಳೆಯದು. ನೆನೆದ ಕಪಾಟು ಪಾರ್ಟಿಕಲ್ ಬೋರ್ಡಿನದಾಗಿದ್ದರೆ ಆಸೆ ಬಿಡತಕ್ಕದ್ದು. ಅದು ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತಾಗದು, ತಿರುಪನ್ನು ಹಿಡಿಯದು. ಅದನ್ನು ಮತ್ತೆ ಎತ್ತರಕ್ಕೇರಿಸುವುದು ಅಪಾಯ. ಪ್ಲೈವುಡ್ಡಾದರೆ ಶುದ್ಧ ನೀರಿನಿಂದ ರಾಡಿ ತೊಳೆದು, ಬಿಸಿಲಿಗೆ ಒಡ್ಡದೆ ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿ, ಪದರು ಬಿಟ್ಟಿದೆಯೇ ಎಂದು ಬೆರಳಿನಿಂದ ತಟ್ಟಿ ಕೇಳಬೇಕು. ಡೊಳ್ಳು ಸಪ್ಪಳ ಬಂದಲ್ಲಿ ಪದರು ಬಿಟ್ಟಿದೆ. ಹೊಸದು ಕೊಳ್ಳುವವರು ಹಲಗೆಯ ಮೇಲೆ ಐ.ಎಸ್. 710 ಎಂಬ ಮುದ್ರೆಯನ್ನು ತಾವೇ ಕಂಡು ಕೊಳ್ಳಲಿ. ಹಡಗಿನ ಕೆಲಸಕ್ಕೆಂದು ಗೊತ್ತುಮಾಡಿದ ಈ ಪ್ಲೈವುಡ್ಡಿನ ಅಂಟನ್ನು ಕುದಿಯುವ ನೀರಿನಲ್ಲಿ 72 ಗಂಟೆಗಳ ಕಾಲ ಇಟ್ಟು ಪರೀಕ್ಷಿಸುತ್ತಾರೆ. ಅಂಗಡಿಯವನ ‘ವಾಟರ್‌ಪ್ರೂಫ್’ ಎಂಬ ಬಾಯಿಮಾತಿಗೆ ಅಂಥ ಪರೀಕ್ಷೆ ಯಾವುದೂ ಇಲ್ಲ. ಕತ್ತರಿಸಿದ ಅಂಚುಗಳಿಗೆ ಬಣ್ಣವನ್ನೋ ವಾರ್ನಿಶನ್ನೋ ಎರಡು ಸಲ ಬಳಿಸಿ. ನೀರು ಮೊದಲು ನುಗ್ಗುವುದು ಅಲ್ಲಿಂದಲೇ.

ಕೊನೆಗೆ ಒಂದು ಸಣ್ಣ ಸಂಗತಿ. ಇಳಿಸುವಾಗ ಪ್ರತಿಯೊಂದು ಕಪಾಟಿನ ಬೆನ್ನಿಗೂ ಅದರ ಬಾಗಿಲಿಗೂ ಒಂದೇ ಅಂಕಿಯನ್ನು ಬರೆದಿಡಿ. ಸೀಮೆಸುಣ್ಣ ಅಳಿಸಿಹೋಗುತ್ತದೆ, ಎಣ್ಣೆಬಣ್ಣವಾಗಲಿ. ತಿರುಪುಗಳನ್ನು ಆಯಾ ಅಂಕಿಯ ಚೀಲದಲ್ಲಿ ಕಟ್ಟಿ, ಸ್ಕ್ರೂಡ್ರೈವರಿನೊಡನೆ ಒಂದೇ ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಕಾಗದಪತ್ರಗಳ ಚೀಲದ ಜೊತೆಗೇ ಇಡಿ. ಹೊಸ ಗೆರೆ ಬಿದ್ದರೆ ಬಣ್ಣ ಬಳಿಸುವ ಮುನ್ನ ಉಗ್ರಾಣದ ಗೋಡೆಯ ಮೇಲೆ ಒಂದು ಗೇಣಿನಷ್ಟಾದರೂ ಅದನ್ನು ಉಳಿಸಿ, ಪಕ್ಕದಲ್ಲಿ ವರ್ಷ ಬರೆಯಿರಿ. ಎದುರಿನ ಗೋಡೆಯಲ್ಲಿಯೂ ಅಷ್ಟೇ ಉಳಿಸಬೇಕು. ಒಂದೇ ಕಡೆ ಇದ್ದರೆ ಮಟ್ಟ ನೋಡಲು ಬಾರದು.

ಬರುವ ತಿಂಗಳು ಕಡಪಾ ಕಲ್ಲಿನ ಕಟ್ಟೆಯ ಸಂದು ಸೋರುವುದರ ಕುರಿತು ಬರೆಯುವೆವು.